ಮಾರ್ಕ್ಸ್ ಕಾರ್ಡ್ ಸರಿಯಿಲ್ಲ, ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಆಸೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು: ಅರ್ಥಶಾಸ್ತ್ರದಲ್ಲಿ ಸಂಶೋಧನೆ ಮಾಡಬೇಕು, ಆದರೆ ಡಿಗ್ರಿಯಲ್ಲಿ ಅಂಕ ಕಡಿಮೆ, ಎಲ್ಲೋ ಒಂದು ಬ್ಯಾಕ್, ಎಲ್ಲೋ ಒಂದು ವರ್ಷ ಖಾಲಿ. ಒಂದೇ ಬಗೆಯವನ್ನು ಸೇರಿಸಿ ಏಳು ಪ್ರಶ್ನೆ ಆರಿಸಿಕೊಂಡಿದ್ದೇವೆ. ಶುಲ್ಕ, ಕೊನೇ ದಿನಾಂಕ ವರ್ಷ ವರ್ಷವೂ ಬದಲಾಗುತ್ತವೆ. ಅರ್ಜಿ ತುಂಬುವ ಮೊದಲು ಆಯಾ ವಿಭಾಗದ ಪ್ರಕಟಣೆ ನೋಡಿಕೊಳ್ಳುವುದು ನಿಮಗೇ ಬಿಟ್ಟದ್ದು.

ಪ್ರಶ್ನೆ: ಬಿ.ಎಸ್ಸಿ. ಇಎಂಎಸ್ (ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ) ಕಾಂಬಿನೇಷನ್, ಒಟ್ಟು ಶೇ. 57. ಮೂರನೇ ಸೆಮಿಸ್ಟರ್ ಗಣಿತದಲ್ಲಿ ಬ್ಯಾಕ್ ಇತ್ತು, ಮುಂದಿನ ವರ್ಷ ಪಾಸಾಯಿತು. ಎಂ.ಎ. ಅರ್ಥಶಾಸ್ತ್ರದಲ್ಲಿ ಶೇ. 72. ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದರೆ ಫೀಸು ದಂಡವೇ?
ಆರ್. ಕೆ., ಹನುಮಂತನಗರ

ಈ ಡಿಸೆಂಬರ್‌ಗೇ ಹಾಕಿದರೆ ಬಹುಶಃ ದಂಡ. ಮುಂದಿನ ಡಿಸೆಂಬರ್‌ಗೆ ಹಾಕಿದರೆ ಅಲ್ಲ, ನಡುವಿನ ವರ್ಷವನ್ನು ಸರಿಯಾಗಿ ಬಳಸಿಕೊಂಡರೆ.

ಮೊದಲು ಎದುರಿಗೆ ಕೂತವರ ಭಯ ಏನೆಂದು ತಿಳಿದುಕೊಳ್ಳಿ. ಅಮೆರಿಕದಲ್ಲಿ ಅರ್ಥಶಾಸ್ತ್ರದ ಪಿಎಚ್.ಡಿ. ಐದಾರು ವರ್ಷದ್ದು. ಸೇರಿಸಿಕೊಂಡವರಿಗೆ ಸಾಮಾನ್ಯವಾಗಿ ಬೋಧನಾ ಶುಲ್ಕ ಮಾಫಿ, ಮೇಲೆ ತಿಂಗಳ ಸ್ಟೈಪೆಂಡ್. ಮೊದಲ ವರ್ಷ ಪೂರ್ತಿ ಮೈಕ್ರೊ, ಮ್ಯಾಕ್ರೊ, ಇಕನಾಮೆಟ್ರಿಕ್ಸ್ (ಅರ್ಥಶಾಸ್ತ್ರದ ಅಂಕಿಅಂಶ ವಿಶ್ಲೇಷಣೆ) ತರಗತಿ, ಕೊನೆಗೆ ಅರ್ಹತಾ ಪರೀಕ್ಷೆ. ಅದರಲ್ಲಿ ಎರಡು ಸಲ ಬಿದ್ದವರು ಎಷ್ಟೋ ಕಡೆ ಒಂದು ಮಾಸ್ಟರ್ಸ್ ಪದವಿ ಹಿಡಿದು ಹೊರಗೆ ಬರಬೇಕು. ಇಷ್ಟು ಹಣ ಹೂಡುವ ವಿಭಾಗ ನಿಮ್ಮ ಕಡತ ತೆರೆದಾಗ ಕೇಳುವ ಮೊದಲ ಪ್ರಶ್ನೆ: ಈ ವ್ಯಕ್ತಿ ಮೊದಲ ವರ್ಷದ ಗಣಿತವನ್ನು ದಾಟುತ್ತಾರೆಯೇ? ಹಾಗಾಗಿ ನಿಮಗೆ ತೊಡಕು ಆ 57 ಅಲ್ಲ. ಭಾಷಾ ವಿಷಯದಲ್ಲಿ 48 ಬಂದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತೊಡಕಾಗಿರುವುದು ಗಣಿತದ ಆ ಒಂದು ಬ್ಯಾಕ್. ಅದಕ್ಕೆ ಉತ್ತರ ಕ್ಷಮೆ ಕೇಳುವ ಪ್ಯಾರಾದಲ್ಲಿಲ್ಲ, ಹೊಸ ಗಣಿತದ ಅಂಕದಲ್ಲಿದೆ.

ಒಂದು ಹಾಳೆ ತೆಗೆದುಕೊಂಡು ಐದು ವಿಷಯ ಬರೆಯಿರಿ: ಮಲ್ಟಿವೇರಿಯಬಲ್ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ, ಸ್ಟ್ಯಾಟಿಸ್ಟಿಕ್ಸ್, ರಿಯಲ್ ಅನಾಲಿಸಿಸ್. ಪ್ರತಿಯೊಂದರ ಮುಂದೆ ಯಾವ ವರ್ಷ ಓದಿದ್ದು, ಎಷ್ಟು ಅಂಕ ಎಂದು ಬರೆಯಿರಿ. ಇಎಂಎಸ್ ಓದಿದವರಿಗೆ ಐದರ ಗುರುತೂ ಇರುತ್ತದೆ. ಬೇರೆ ಕಾಂಬಿನೇಷನ್‌ನವರಿಗೆ ಕೊನೆಯದು ಖಾಲಿ ಉಳಿಯುವುದೇ ಹೆಚ್ಚು, ಮತ್ತು ಆ ಕೊನೆಯದಕ್ಕೇ ಹೆಚ್ಚು ಬೆಲೆ.

ಏಕೆ ಎನ್ನುವುದಕ್ಕೆ ಮೈಕ್ರೊದ ಮೊದಲ ವಾರಗಳಲ್ಲೇ ಬರುವ ಒಂದು ಲೆಕ್ಕ ನೋಡಿ. ಕೈಯಲ್ಲಿ 100 ರೂಪಾಯಿ, ಎರಡು ಸರಕು, ಎರಡಕ್ಕೂ ಬೆಲೆ ಇದೆ. ಗ್ರಾಹಕ ಅತ್ಯುತ್ತಮ ಆಯ್ಕೆ ಮಾಡುತ್ತಾನೆ ಎನ್ನುತ್ತೇವೆ. ಅಂಥ ಆಯ್ಕೆ ಇದೆ ಎಂದು ಹೇಗೆ ಗೊತ್ತು? ಬಿ.ಎ. ಪರೀಕ್ಷೆಯಲ್ಲಿ ಡೆರಿವೇಟಿವ್ ತೆಗೆದು ಸೊನ್ನೆಗೆ ಸಮ ಮಾಡಿದರೆ ಮುಗಿಯಿತು. ಇಲ್ಲಿ ಸಾಧಿಸಬೇಕು: ಕೊಳ್ಳಬಹುದಾದ ಕಟ್ಟುಗಳ (ಎರಡೂ ಸರಕು ಎಷ್ಟೆಷ್ಟು ಎಂಬ ಜೋಡಿಗಳ) ಗಣ ಅಂಚು ಸೇರಿದ್ದು, ಮಿತಿಯೊಳಗಿನದು, ತೃಪ್ತಿಯ ಫಂಕ್ಷನ್ ಕಂಟಿನ್ಯುಯಸ್ (ನಡುವೆ ಎಲ್ಲೂ ತುಂಡಾಗದ್ದು), ಆದ್ದರಿಂದ ಗರಿಷ್ಠ ಎನ್ನುವುದು ಇದ್ದೇ ಇದೆ. ಒಂದು ಸರಕಿನ ಬೆಲೆ ಸೊನ್ನೆ ಮಾಡಿ, ಗಣಕ್ಕೆ ಮಿತಿಯೇ ಇಲ್ಲ. ‘100ಕ್ಕಿಂತ ಕಡಿಮೆಯೇ ಖರ್ಚು ಮಾಡಬೇಕು’ ಎಂದು ಅಂಚನ್ನು ಕತ್ತರಿಸಿ, ಯಾವುದನ್ನು ಆರಿಸಿದರೂ ಅದಕ್ಕಿಂತ ಚೂರು ಮೇಲಿನದು ಸಿಗುತ್ತದೆ. ಎರಡೂ ಕಡೆ ‘ಅತ್ಯುತ್ತಮ’ ಮಾಯ. ಹೀಗೆ ಯೋಚಿಸುವ ಅಭ್ಯಾಸ ಇದೆಯೇ ಎಂಬುದನ್ನು ರಿಯಲ್ ಅನಾಲಿಸಿಸ್‌ನ ಅಂಕ ಹೇಳುತ್ತದೆ. ಅಮೆರಿಕದ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆ ಹೇಳುವುದಿಲ್ಲ.

ಹೊಸ ಅಂಕ ಎಲ್ಲಿಂದ ತರುವುದು? ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹೊರಗಿನವರು ಒಂದೇ ಒಂದು ಪೇಪರ್‌ಗೆ ಸೇರಿ ಅಂಕ ಪಡೆಯುವ ದಾರಿ ಕಡಿಮೆ. ಉಳಿದಿರುವುದು ಮೂರು. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ತಾಣದಲ್ಲಿ ಐಐಟಿ ಪ್ರಾಧ್ಯಾಪಕರ ಕೋರ್ಸ್ ಮಾಡಿ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಯ ಸರ್ಟಿಫಿಕೇಟ್ ಪಡೆಯುವುದು; ಅಗ್ಗ, ಆದರೆ ಪದವಿಯ ಅಂಕದಷ್ಟು ತೂಕವಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ನೆಟ್‌ಮ್ಯಾತ್‌ನಂಥ ದೂರಶಿಕ್ಷಣದ ಕ್ರೆಡಿಟ್ ಕೋರ್ಸ್; ದುಬಾರಿ, ಆದರೆ ಅಮೆರಿಕದ್ದೇ ಟ್ರಾನ್ಸ್‌ಕ್ರಿಪ್ಟ್ (ಅಧಿಕೃತ ಅಂಕಪಟ್ಟಿ) ಕೈಗೆ ಬರುತ್ತದೆ. ಮೂರನೆಯದು ಗಣಿತ ಹೆಚ್ಚಿರುವ ಇನ್ನೊಂದು ಮಾಸ್ಟರ್ಸ್. ಎಂ.ಎ. ಮುಗಿಸಿದ ನಿಮಗೆ ಮೊದಲು ಎರಡನೆಯದನ್ನೇ ನೋಡಿ ಎನ್ನುತ್ತೇವೆ. ಒಂದೇ ಕೋರ್ಸ್ ಸಾಕು, ಅದು ಅನಾಲಿಸಿಸ್ ಆಗಿರಲಿ, ‘ಎ’ ಬರಲಿ. ಆಫೀಸು ಕೆಲಸದ ಜೊತೆ ಮೂರು ಕೋರ್ಸ್ ಹೊತ್ತುಕೊಂಡು ಮೂರರಲ್ಲೂ ‘ಬಿ’ ತಂದರೆ ಹಳೆಯ ಅನುಮಾನಕ್ಕೆ ಹೊಸ ಸಾಕ್ಷಿ ಕೊಟ್ಟಂತಾಗುತ್ತದೆ.

ಶೇಕಡಾವಾರನ್ನು ನೀವೇ 4ರ ಜಿಪಿಎಗೆ ಬದಲಾಯಿಸಬೇಡಿ. ಅರ್ಜಿ ನಮೂನೆ ಕೇಳದಿದ್ದರೆ 100ಕ್ಕೆ 57 ಎಂದೇ ತುಂಬಿ. 57ನ್ನು 4ರಿಂದ ಗುಣಿಸಿ 100ರಿಂದ ಭಾಗಿಸಿದರೆ 2.28 ಬರುತ್ತದೆ, ಅದು ಅಲ್ಲಿನವರಿಗೆ ಫೇಲಿನ ಹತ್ತಿರದ ಅಂಕ. ನಮ್ಮಲ್ಲಿ 60 ದಾಟಿದರೆ ಪ್ರಥಮ ದರ್ಜೆ ಎನ್ನುವುದನ್ನು, ತರಗತಿಯಲ್ಲಿ ನಿಮ್ಮ ಸ್ಥಾನ ಎಷ್ಟನೆಯದು ಎನ್ನುವುದನ್ನು ಶಿಫಾರಸು ಬರೆಯುವ ಪ್ರಾಧ್ಯಾಪಕರು ಒಂದು ಸಾಲಿನಲ್ಲಿ ತಿಳಿಸಲಿ. ಎಂ.ಎ.ಯ 72 ಅವರ ಮಾತಿನಿಂದಲೇ ಬೆಳಗಬೇಕು.

ಖರ್ಚಿನ ಲೆಕ್ಕ: ಒಂದು ಅರ್ಜಿಗೆ ಸುಮಾರು 100 ಡಾಲರ್ ಹಿಡಿದರೆ 12 ಅರ್ಜಿಗೆ 1,200. ರೂಪಾಯಿಯಲ್ಲಿ ಲಕ್ಷ ದಾಟುತ್ತದೆ. ಶುಲ್ಕ ವಿನಾಯಿತಿ ಕೊಡುವ ವಿಭಾಗಗಳಿವೆ, ಆದರೆ ಅದನ್ನು ಅರ್ಜಿಗೂ ಮೊದಲೇ ಕೇಳಬೇಕು. ಕಟ್ಟಿದ ಮೇಲೆ ವಾಪಸ್ ಬರುವುದಿಲ್ಲ. ಹೆಸರಾಂತ ಹತ್ತಕ್ಕೇ ಎಲ್ಲವನ್ನೂ ಸುರಿಯಬೇಡಿ. ಎರಡು ಮೂರು ಅಲ್ಲಿಗೆ, ಉಳಿದವು ನಿಮ್ಮ ಆಸಕ್ತಿಯ ಕ್ಷೇತ್ರದಲ್ಲಿ ಕನಿಷ್ಠ ಇಬ್ಬರು ಪ್ರಾಧ್ಯಾಪಕರು ಕೆಲಸ ಮಾಡುತ್ತಿರುವ ಮಧ್ಯಮ ಶ್ರೇಣಿಯ ವಿಭಾಗಗಳಿಗೆ.

ಇನ್ನು ಟ್ರಾನ್ಸ್‌ಕ್ರಿಪ್ಟ್. ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರಾಗಿ ಒಡೆಯಿತು. ಕಾಲೇಜು ಈಗ ಯಾರ ಕೆಳಗಿದೆ ಎನ್ನುವುದು ಲೆಕ್ಕಕ್ಕಿಲ್ಲ, ನಿಮ್ಮ ಮಾರ್ಕ್ಸ್ ಕಾರ್ಡ್ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ಅಲ್ಲಿನ ಪರೀಕ್ಷಾ ವಿಭಾಗಕ್ಕೇ ಅರ್ಜಿ. ಬ್ಯಾಕ್ ಇದ್ದವರು ಫೇಲಾದ ಸಲದ ಕಾರ್ಡು, ಪಾಸಾದ ಸಲದ ಕಾರ್ಡು ಎರಡರ ಜೆರಾಕ್ಸ್ ಕೊಡಿ. ಒಂದೇ ಕೊಟ್ಟು ಕಡತ ತಿಂಗಳುಗಟ್ಟಲೆ ಕೂರುವುದುಂಟು. ಸೆಪ್ಟೆಂಬರ್‌ನಲ್ಲೇ ಹಾಕಿ.

ಪ್ರಶ್ನೆ: ವಿಟಿಯು ಬಿ.ಇ., 6.4 ಸಿಜಿಪಿಎ, ನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಕೆಲಸ. ಅರ್ಥಶಾಸ್ತ್ರವನ್ನು ಸ್ವಂತವಾಗಿ ಓದಿಕೊಂಡಿದ್ದೇನೆ. ನೇರವಾಗಿ ಪಿಎಚ್.ಡಿ.ಗೆ ಹಾಕಬಹುದೇ?
ಎಂ., ಯಲಹಂಕ

ಹಾಕಬಾರದು ಎಂಬ ನಿಯಮವಿಲ್ಲ. ಆದರೆ ನಿಮ್ಮ ಕಡತದಲ್ಲಿ ಅಂಕಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ: ನಿಮ್ಮನ್ನು ಬಲ್ಲ ಅರ್ಥಶಾಸ್ತ್ರಜ್ಞರು ಒಬ್ಬರೂ ಇಲ್ಲ. ಟೀಮ್ ಮ್ಯಾನೇಜರ್ ಎಷ್ಟೇ ಹೊಗಳಿ ಬರೆದರೂ ಅದು ಮೂರು ಶಿಫಾರಸು ಪತ್ರಗಳಲ್ಲಿ ಮೂರನೆಯದಕ್ಕಷ್ಟೇ ಆದೀತು.

ಎರಡು ದಾರಿ. ಒಂದು, ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಎಂಎಸ್‌ಕ್ಯೂಇ, ಅಂದರೆ ಗಣಿತ ಹೆಚ್ಚಿರುವ ಅರ್ಥಶಾಸ್ತ್ರದ ಮಾಸ್ಟರ್ಸ್, ಎರಡು ವರ್ಷದ್ದು, ಕೋಲ್ಕತ್ತ ಮತ್ತು ದೆಹಲಿಯಲ್ಲಿ. ಮೈಸೂರು ರಸ್ತೆಯ ಬೆಂಗಳೂರು ಕೇಂದ್ರದಲ್ಲಿ ಈ ಕೋರ್ಸ್ ಇಲ್ಲ ಎನ್ನುವುದು ಹಲವರಿಗೆ ಗೊತ್ತಿರುವುದಿಲ್ಲ. ಪ್ರವೇಶ ಪರೀಕ್ಷೆಯಲ್ಲಿ ಗಣಿತ ಗಟ್ಟಿ ಇದ್ದರೆ 6.4 ನಿಮ್ಮ ಕಾಲು ಹಿಡಿಯುವುದಿಲ್ಲ. ಬಿ.ಇ.ಯವರಿಗೆ ಕ್ಯಾಲ್ಕುಲಸ್ ಕೈಗೆ ಹತ್ತಿರುತ್ತದೆ, ಪ್ರಮೇಯ ಸಾಧಿಸುವುದು ಹತ್ತಿರುವುದಿಲ್ಲ. ಎಂಜಿನಿಯರಿಂಗ್ ಗಣಿತದ ನಾಲ್ಕೂ ಪೇಪರ್‌ನಲ್ಲಿ ಲೆಕ್ಕ ಮಾಡುವುದೇ ಹೆಚ್ಚು, ‘ಸಾಧಿಸಿ’ ಎಂಬ ಪ್ರಶ್ನೆ ಅಪರೂಪ.

ಇನ್ನೊಂದು, ಪ್ರೀಡಾಕ್. ಪಿಎಚ್.ಡಿ.ಗೆ ಮುಂಚೆ ಒಂದೆರಡು ವರ್ಷ ಪ್ರಾಧ್ಯಾಪಕರೊಬ್ಬರ ಕೈಕೆಳಗೆ ಸಂಬಳಕ್ಕೆ ಸಂಶೋಧನಾ ಸಹಾಯಕರಾಗಿರುವುದು. ಅಮೆರಿಕದ ವಿಶ್ವವಿದ್ಯಾಲಯಗಳು ತೆಗೆದುಕೊಳ್ಳುತ್ತವೆ, ಭಾರತದಲ್ಲಿ ಜೆ-ಪಾಲ್ ದಕ್ಷಿಣ ಏಷ್ಯಾದಂಥ ಸಂಶೋಧನಾ ಸಂಸ್ಥೆಗಳೂ ತೆಗೆದುಕೊಳ್ಳುತ್ತವೆ. ಕರ್ನಾಟಕದ ಹಳ್ಳಿಗಳಲ್ಲಿ ಸಮೀಕ್ಷೆ ಇದ್ದರೆ ನಿಮ್ಮ ಕನ್ನಡವೂ ಅರ್ಹತೆಯೇ. ಆಯ್ಕೆಗೆ ಸಾಮಾನ್ಯವಾಗಿ ಸ್ಟಾಟಾ ಅಥವಾ ಆರ್ ಎಂಬ ಅಂಕಿಅಂಶ ಸಾಫ್ಟ್‌ವೇರ್‌ನಲ್ಲಿ ಡೇಟಾ ಪರೀಕ್ಷೆ ಇರುತ್ತದೆ, ಸಾಫ್ಟ್‌ವೇರ್‌ನವರು ‘ಇದೇನು ಮಹಾ’ ಎಂದು ಹೋಗಿ ಎಡವುವುದು ಅಲ್ಲಿಯೇ. ಒಂದು ಫೈಲಿನಲ್ಲಿ ಮನೆಗಳ ಪಟ್ಟಿ, ಇನ್ನೊಂದರಲ್ಲಿ ಮನೆಯ ಸದಸ್ಯರ ಪಟ್ಟಿ. ಎರಡನ್ನೂ ಮನೆಯ ಸಂಖ್ಯೆಯ ಮೇಲೆ ಜೋಡಿಸಬೇಕು. ಮೊದಲ ಫೈಲಿನಲ್ಲಿ ಒಂದೇ ಮನೆಯ ಸಂಖ್ಯೆ ಎರಡು ಸಲ ಬರುವಂತೆ ಬೇಕೆಂದೇ ಇಟ್ಟಿರುತ್ತಾರೆ. ಆರ್‌ನಲ್ಲಿ ನೋಡದೆ ಜೋಡಿಸಿದರೆ ಐದು ಜನರ ಆ ಮನೆ ಹತ್ತು ಸಾಲಾಗುತ್ತದೆ, ಸರಾಸರಿ ಆದಾಯ ತಪ್ಪುತ್ತದೆ, ಪ್ರೋಗ್ರಾಮ್ ಮಾತ್ರ ಯಾವ ದೋಷವನ್ನೂ ತೋರಿಸದೆ ಓಡಿರುತ್ತದೆ. ಜೋಡಿಸುವ ಮೊದಲು ಮನೆಯ ಸಂಖ್ಯೆಗೆ ನಕಲು ಇದೆಯೇ ನೋಡಿ. ಜೋಡಿಸಿದ ಮೇಲೆ ಸಾಲುಗಳನ್ನು ಎಣಿಸಿ. ಸೇರದೆ ಉಳಿದವು ಎಷ್ಟು, ಏಕೆ ಎಂದು ಕಾಮೆಂಟಿನಲ್ಲಿ ಬರೆಯಿರಿ. ಉತ್ತರಕ್ಕಿಂತ ಆ ಕಾಮೆಂಟನ್ನು ಹೆಚ್ಚು ಗಮನಿಸುತ್ತಾರೆ.

ಸಂದರ್ಶನದಲ್ಲಿ ನೀವೂ ಒಂದು ಪ್ರಶ್ನೆ ಕೇಳಿ: ‘ಪ್ರಾಧ್ಯಾಪಕರ ಜೊತೆ ವಾರಕ್ಕೆ ಎಷ್ಟು ಸಲ ಮಾತಾಡುವುದಿರುತ್ತದೆ?’ ಎರಡು ವರ್ಷ ದುಡಿದೂ ಅವರ ಮುಖ ನೋಡದ ಕೆಲಸಗಳಿವೆ. ಸಂಬಳ ಬರುತ್ತದೆ, ನೀವು ಹೋದ ಉದ್ದೇಶವಾದ ಪತ್ರ ಬರುವುದಿಲ್ಲ.

ಪ್ರಶ್ನೆ: ಶಿಫಾರಸು ಪತ್ರ ಕೇಳಿದರೆ ನಮ್ಮ ಮೇಡಂ ‘ನೀನೇ ಬರೆದು ತಾ, ಸೈನ್ ಹಾಕ್ತೀನಿ’ ಅಂತಾರೆ. ಬೇರೆ ಇಬ್ಬರು ಸರ್‌ಗಳೂ ಅದನ್ನೇ ಹೇಳಿದರು. ಏನು ಮಾಡಲಿ?
ಎಸ್., ಕೆಂಗೇರಿ

ನೀವು ಬರೆಯಬೇಡಿ. ನೈತಿಕತೆ ಒಂದು ಕಡೆ ಇರಲಿ, ಇದು ಕೆಲಸವನ್ನೇ ಕೆಡಿಸುತ್ತದೆ. ಮೂರು ಪತ್ರಗಳಲ್ಲೂ ಒಂದೇ ವಾಕ್ಯರಚನೆ, ಒಂದೇ ವಿಶೇಷಣ, ಒಂದೇ ಅಲ್ಪವಿರಾಮದ ತಪ್ಪು ಕಾಣುತ್ತದೆ. ನೂರಾರು ಕಡತ ಓದುವವರಿಗೆ ಅದು ತಿಳಿಯಲು ಎರಡು ನಿಮಿಷ ಬೇಡ. ಅರ್ಥಶಾಸ್ತ್ರದ ಆಯ್ಕೆಯಲ್ಲಿ ಶಿಫಾರಸು ಪತ್ರಕ್ಕಿರುವಷ್ಟು ತೂಕ, ಏಕೆ ಓದಬೇಕೆಂದು ನೀವೇ ಬರೆಯುವ ಉದ್ದೇಶ ಪತ್ರಕ್ಕೂ ಇಲ್ಲ, ಅಂಕ ಸಾಧಾರಣವಾಗಿದ್ದವರಿಗಂತೂ ಅದೇ ಊರುಗೋಲು.

ಮೇಡಂ ಕೇಳುತ್ತಿರುವುದು ನಿಜಕ್ಕೂ ಸಮಯ. ಅದನ್ನು ಬೇರೆ ರೀತಿಯಲ್ಲಿ ಉಳಿಸಿಕೊಡಿ. ಅಕ್ಟೋಬರ್ ಮೊದಲ ವಾರದಲ್ಲಿ ಒಂದು ಪುಟದ ಟಿಪ್ಪಣಿ ಕೊಡಿ: ಯಾವ ಸೆಮಿಸ್ಟರ್‌ನಲ್ಲಿ ಅವರ ಯಾವ ಪೇಪರ್, ಎಷ್ಟು ಅಂಕ, ತರಗತಿಯಲ್ಲಿ ಎಷ್ಟು ಜನ, ಅವರ ಕೈಕೆಳಗೆ ಮಾಡಿದ ಪ್ರಾಜೆಕ್ಟ್‌ನಲ್ಲಿ ಯಾವ ಡೇಟಾ, ಎಲ್ಲಿ ಸಿಕ್ಕಿಬಿದ್ದಿರಿ, ಹೇಗೆ ಬಿಡಿಸಿಕೊಂಡಿರಿ. ಜೊತೆಗೆ ವಿಶ್ವವಿದ್ಯಾಲಯಗಳ ಪಟ್ಟಿ, ದಿನಾಂಕದ ಕ್ರಮದಲ್ಲಿ. ‘ಮೇಡಂ, ವಿಷಯವೆಲ್ಲ ಇದರಲ್ಲಿದೆ, ಮಾತು ನಿಮ್ಮದೇ ಆಗಿದ್ದರೆ ಒಳ್ಳೆಯದು’ ಎಂದರೆ ಹೆಚ್ಚಿನವರು ಒಪ್ಪುತ್ತಾರೆ.

‘ಈ ವಿದ್ಯಾರ್ಥಿನಿ ಶ್ರಮಜೀವಿ, ಸಮಯಪಾಲನೆ ಉಳ್ಳವಳು, ಸನ್ನಡತೆಯವಳು’ ಎಂಬ ಪತ್ರ ಬ್ಯಾಂಕ್ ಸಾಲಕ್ಕೆ ಸಾಕು. ಆಯ್ಕೆ ಸಮಿತಿಗೆ ಬೇಕಾದದ್ದು ಹೋಲಿಕೆ: ‘ಇಕನಾಮೆಟ್ರಿಕ್ಸ್ ಪೇಪರ್‌ನಲ್ಲಿ ನಲವತ್ತು ಜನರಲ್ಲಿ ಈಕೆ ಎರಡನೆಯವಳು, ಕಳೆದ ವರ್ಷಗಳಲ್ಲಿ ಪಿಎಚ್.ಡಿ.ಗೆ ಹೋದ ನನ್ನ ಇಂಥ ವಿದ್ಯಾರ್ಥಿಗಿಂತ ಪ್ರಮೇಯ ಸಾಧಿಸುವುದರಲ್ಲಿ ಮುಂದು, ಬರವಣಿಗೆಯಲ್ಲಿ ಹಿಂದು.’ ಆ ‘ಹಿಂದು’ ಇದ್ದರೇ ‘ಮುಂದು’ ನಂಬಿಕೆಗೆ ಅರ್ಹವಾಗುವುದು. ಕಾಲೇಜಿನ ಇಮೇಲ್ ವಿಳಾಸದಿಂದಲೇ ಕಳಿಸಲು ಹೇಳಿ. ಖಾಸಗಿ ಜಿಮೇಲ್ ಆದರೆ ಕೆಲವು ಕಡೆ ಪರಿಶೀಲನೆಗೆ ಹೋಗುತ್ತದೆ. ಅಪ್‌ಲೋಡ್ ಲಿಂಕ್ ಸ್ಪ್ಯಾಮಿನಲ್ಲಿ ಬಿದ್ದಿರುತ್ತದೆ ಎಂದು ಮೊದಲೇ ತಿಳಿಸಿಡಿ.

ಪ್ರಶ್ನೆ: ಪಿಯುಸಿ ಆದಮೇಲೆ ಒಂದು ವರ್ಷ ಎಂಜಿನಿಯರಿಂಗ್ ಓದಿ, ನಾಲ್ಕು ವಿಷಯ ಬಿದ್ದು, ಬಿಟ್ಟು ಬಿ.ಎ. ಸೇರಿದೆ. ಆ ವರ್ಷವನ್ನು ಹೇಳಲೇಬೇಕೇ?
ಹೆಸರು ಬೇಡ, ಬಸವೇಶ್ವರನಗರ

ನಮೂನೆಯಲ್ಲಿ ‘ಓದಿದ ಎಲ್ಲ ಸಂಸ್ಥೆಗಳು’ ಎಂದಿದ್ದರೆ, ಬಹುತೇಕ ಇರುತ್ತದೆ, ಹೇಳಲೇಬೇಕು. ಮುಚ್ಚಿಟ್ಟದ್ದು ಆಮೇಲೆ ತಿಳಿದರೆ ಪ್ರವೇಶ ರದ್ದು ಮಾಡುವ ಹಕ್ಕು ಅವರಿಗಿದೆ. ಉದ್ದೇಶ ಪತ್ರದಲ್ಲಿ ಇದನ್ನು ಎತ್ತಬೇಡಿ, ‘ಹೆಚ್ಚುವರಿ ಮಾಹಿತಿ’ ಎಂಬ ಖಾನೆಯಲ್ಲಿ ಎರಡು ವಾಕ್ಯ ಸಾಕು: ‘ಎಂಜಿನಿಯರಿಂಗ್ ಸೇರಿ ಒಂದು ವರ್ಷದ ನಂತರ ಬಿಟ್ಟೆ. ಬಿಟ್ಟ ಮೇಲೆ ಓದಿದ ಗಣಿತ ಮತ್ತು ಸಂಖ್ಯಾಶಾಸ್ತ್ರದ ಪೇಪರ್‌ಗಳ ಅಂಕ ಟ್ರಾನ್ಸ್‌ಕ್ರಿಪ್ಟ್‌ನಲ್ಲಿವೆ.’ ಅಪ್ಪ ಅಮ್ಮನ ಒತ್ತಾಯ, ಹಾಸ್ಟೆಲ್ ಊಟ, ಇವೆಲ್ಲ ಬೇಡ. ಕಾಯಿಲೆ ಅಥವಾ ಮನೆಯಲ್ಲಿ ಸಾವು ಕಾರಣವಾಗಿದ್ದರೆ ಅದನ್ನು ಬರೆಯಬಹುದು, ಅದೂ ಒಂದೇ ವಾಕ್ಯ. ಅದನ್ನು ಬಲ್ಲ ಅಧ್ಯಾಪಕರು ಪತ್ರದಲ್ಲಿ ಹೇಳಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಜಿಆರ್‌ಇ ಕ್ವಾಂಟ್ (ಗಣಿತದ ಭಾಗ) 161. ಮತ್ತೆ ಬರೆಯಲೇ?
ಪಿ. ವಿ., ರಾಜಾಜಿನಗರ

ಬರೆಯಿರಿ. 170ಕ್ಕೆ 165ರ ಕೆಳಗಿದ್ದರೆ, ಅದರಲ್ಲೂ ಡಿಗ್ರಿ ಅಂಕ ಕಡಿಮೆ ಇದ್ದವರಿಗೆ, ಕಡತ ತೆರೆಯುವುದೇ ಕಷ್ಟ. 168 ಬಂದರೆ ಸೀಟು ಸಿಗುತ್ತದೆ ಎಂದಲ್ಲ, ಬಾಗಿಲಲ್ಲೇ ತಡೆಯುವುದಿಲ್ಲ ಅಷ್ಟೇ. ಎರಡು ಪರೀಕ್ಷೆಗಳ ನಡುವೆ 21 ದಿನ ಅಂತರ ಬೇಕು, 12 ತಿಂಗಳಲ್ಲಿ ಐದು ಸಲ ಮಿತಿ, ಅಂಕಕ್ಕೆ ಐದು ವರ್ಷ ಆಯುಸ್ಸು. ಯಾವ ಸಲದ್ದನ್ನು ಕಳಿಸಬೇಕೆಂದು ನೀವೇ ಆರಿಸಬಹುದು.

2023ರ ಸೆಪ್ಟೆಂಬರ್‌ನಿಂದ ಪರೀಕ್ಷೆ ಎರಡು ಗಂಟೆಯೊಳಗೆ ಇಳಿದಿದೆ. ಕ್ವಾಂಟ್‌ನಲ್ಲಿ ಮೊದಲು 21 ನಿಮಿಷಕ್ಕೆ 12 ಪ್ರಶ್ನೆ, ಆಮೇಲೆ 26 ನಿಮಿಷಕ್ಕೆ 15. ಮೊದಲ ಭಾಗ ಹೇಗೆ ಮಾಡಿದಿರಿ ಎಂಬುದರ ಮೇಲೆ ಎರಡನೆಯದರ ಕಷ್ಟ ನಿಗದಿಯಾಗುತ್ತದೆ. ಮೊದಲ 12ರಲ್ಲಿ ಅವಸರಕ್ಕೆ ಮೂರು ನಾಲ್ಕು ಕಳೆದುಕೊಂಡವರಿಗೆ ಸುಲಭದ ಎರಡನೇ ಭಾಗ ಬಂದು, ಅದನ್ನೆಲ್ಲ ಸರಿ ಮಾಡಿದರೂ ಅಂಕ ಮೇಲೇರುವುದಿಲ್ಲ. ಇದರಲ್ಲಿ ಕ್ಯಾಲ್ಕುಲಸ್ ಇಲ್ಲ, ಪ್ರೌಢಶಾಲೆಯ ಗಣಿತವೇ. ತಪ್ಪುವುದು ‘ಎಕ್ಸ್ ಋಣಸಂಖ್ಯೆಯೂ ಆಗಬಹುದು, ಭಿನ್ನರಾಶಿಯೂ ಆಗಬಹುದು’ ಎಂಬುದನ್ನು ಮರೆತಲ್ಲಿ.

ಪ್ರಶ್ನೆ: ಡಿಗ್ರಿಯಲ್ಲಿ ಶೇ. 62. ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡಿ ಅಲ್ಲಿಂದ ಪಿಎಚ್.ಡಿ. ಹಿಡಿಯುವುದು ಸುಲಭವೇ?
ಡಿ. ಎನ್., ಜಯನಗರ

ಸುಲಭ ಅಲ್ಲ, ಆದರೆ ಅಗ್ಗ. ಬಾನ್‌ನಲ್ಲಿ ಬೋಧನಾ ಶುಲ್ಕವಿಲ್ಲ. ಮನ್‌ಹೈಮ್ ಇರುವ ರಾಜ್ಯದಲ್ಲಿ ಯುರೋಪಿನಾಚೆಯವರಿಗೆ ಸೆಮಿಸ್ಟರ್‌ಗೆ 1,500 ಯೂರೊ. ಎರಡೂ ಕಡೆ ಅರ್ಥಶಾಸ್ತ್ರ ವಿಭಾಗ ಹೆಸರುವಾಸಿ.

ನಿಮ್ಮ 62 ಅಲ್ಲಿ ಎಷ್ಟಾಗುತ್ತದೆ ನೋಡಿ. ಸೂತ್ರ ಇದು: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಕನಿಷ್ಠ ಪಾಸು ಅಂಕದ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಪಾಸು ಅಂಕ 40 ಆದರೆ 38 ಭಾಗಿಸು 60, ಅದರ ಮೂರರಷ್ಟು 1.9, ಒಟ್ಟು 2.9. ಅದೇ ಪಾಸು ಅಂಕ 35 ಎಂದಾದರೆ 2.75. ಅಲ್ಲಿ 1.0 ಅತ್ಯುತ್ತಮ, 4.0 ಬರೀ ಪಾಸು. ಹಾಗಾಗಿ ನಿಮ್ಮ ಕನಿಷ್ಠ ಪಾಸು ಅಂಕ ಎಷ್ಟು ಎಂದು ವಿಶ್ವವಿದ್ಯಾಲಯದಿಂದಲೇ ಬರೆಸಿಕೊಳ್ಳಿ, ಊಹೆಗೆ ಬಿಡಬೇಡಿ. 2.5 ಕೇಳುವ ಕೋರ್ಸ್‌ಗೆ, ಪಾಸು ಅಂಕ 40 ಇದ್ದರೆ 70 ಬೇಕು, 35 ಇದ್ದರೆ 67.5. ಎರಡಕ್ಕೂ ನೀವು ತಲುಪುವುದಿಲ್ಲ. ಆದ್ದರಿಂದ ಒಟ್ಟು ಅಂಕಕ್ಕೆ ಗೆರೆ ಎಳೆಯದೆ ಗಣಿತ, ಜಿಆರ್‌ಇ ಎಲ್ಲ ಸೇರಿಸಿ ತೂಗುವ ಕೋರ್ಸ್‌ಗಳನ್ನೇ ಹುಡುಕಬೇಕು.

ಮೂರು ಐಚ್ಛಿಕ ವಿಷಯಗಳ ಬಿ.ಎ. ಓದಿದವರಿಗೆ ಇನ್ನೊಂದು ಅಡ್ಡಿ: ಇಷ್ಟು ಕ್ರೆಡಿಟ್ ಅರ್ಥಶಾಸ್ತ್ರ, ಇಷ್ಟು ಗಣಿತ ಎಂಬ ಷರತ್ತು. ಅಂಕ ಸಾಕಾಗಿದ್ದರೂ ಇಲ್ಲಿ ತಿರಸ್ಕೃತರಾಗುವವರಿದ್ದಾರೆ. ಪ್ರತಿ ಪೇಪರ್‌ನ ಸಿಲೆಬಸ್ ಜೊತೆಗಿಡಿ. ವೀಸಾಕ್ಕೆ, ನಿಮ್ಮ ಓದಿನ ದಾಖಲೆಗಳು ಅಸಲಿ ಎಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರ ಬೇಕು, 2022ರ ನವೆಂಬರ್‌ನಿಂದ ಭಾರತೀಯರಿಗೆ ಕಡ್ಡಾಯ. ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಬ್ಲಾಕ್ಡ್ ಖಾತೆಯಲ್ಲಿ ವರ್ಷಕ್ಕೆ 11,904 ಯೂರೊ ತೋರಿಸಬೇಕು.

ಪ್ರಶ್ನೆ: ಮನೆ ಬಿಟ್ಟು ಹೋಗುವ ಹಾಗಿಲ್ಲ. ಬೆಂಗಳೂರಿನಲ್ಲೇ ಮಾಡಬಹುದೇ? ಬಿ.ಎ. 51, ಎಂ.ಎ. 58.
ಜಿ., ವಿಜಯನಗರ

ಮಾಡಬಹುದು, ಮತ್ತು ನಿಮ್ಮಂಥ ದಾಖಲೆಗೆ ಇಲ್ಲಿನ ನಿಯಮ ಅನುಕೂಲವೇ. ಯುಜಿಸಿ ಕೇಳುವುದು ಸ್ನಾತಕೋತ್ತರದಲ್ಲಿ 55, ಮೀಸಲಾತಿಯವರಿಗೆ 5 ಅಂಕ ಸಡಿಲ. ಬಿ.ಎ.ಯ 51 ಅಡ್ಡ ಬರುವುದಿಲ್ಲ. ಎಂ.ಎ. ಮಾಡದೆ ನಾಲ್ಕು ವರ್ಷದ ಡಿಗ್ರಿಯ ಮೇಲೆ ನೇರ ಬರುವವರಿಗೆ ಮಾತ್ರ 75 ಬೇಕು.

ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್ ಬರೆಯಿರಿ. 150 ಪ್ರಶ್ನೆ, 300 ಅಂಕ, ಮೂರು ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ. ಜೆಆರ್‌ಎಫ್ ತಪ್ಪಿ ‘ಪಿಎಚ್.ಡಿ. ಪ್ರವೇಶಕ್ಕೆ ಅರ್ಹ’ ಎಂದಷ್ಟೇ ಬಂದರೆ ಆ ಅಂಕಕ್ಕೆ ಶೇ. 70, ಸಂದರ್ಶನಕ್ಕೆ 30, ಆದರೆ ಒಂದು ವರ್ಷ ಮಾತ್ರ ಚಾಲ್ತಿ. ರಾಜ್ಯದ ಕೆ-ಸೆಟ್ ಪರೀಕ್ಷೆ ಪಾಸಾದರೆ ಅಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತದೆ, ಫೆಲೋಶಿಪ್ ಬರುವುದಿಲ್ಲ. ಇವೆರಡನ್ನೂ ಒಂದೇ ಎಂದುಕೊಂಡು ಕೂತವರು ಹಲವರು.

ನಾಗರಭಾವಿಯ ಐಸೆಕ್ ನಿಮ್ಮ ಮನೆಗೆ ಹತ್ತಿರ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಸಂಶೋಧನಾ ಸಂಸ್ಥೆ. ಕೃಷಿ, ವಿಕೇಂದ್ರೀಕರಣ, ಜನಸಂಖ್ಯೆಯಂಥ ವಿಷಯಗಳಲ್ಲಿ ಕ್ಷೇತ್ರಕಾರ್ಯ ಮಾಡುವವರಿಗೆ ಹೇಳಿ ಮಾಡಿಸಿದ್ದು. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲೂ ಅರ್ಥಶಾಸ್ತ್ರದ ಪಿಎಚ್.ಡಿ. ಇದೆ, ಅಲ್ಲಿನ ಮೊದಲ ವರ್ಷದ ಗಣಿತ ಅಮೆರಿಕದ್ದಕ್ಕೆ ಸಮೀಪ. ಸಂಶೋಧನಾ ಪ್ರಸ್ತಾವನೆ ಕೇಳುವ ಕಡೆ ‘ಭಾರತದಲ್ಲಿ ಬಡತನ ನಿರ್ಮೂಲನೆ’ ಎಂದು ಬರೆದರೆ ಸಂದರ್ಶನ ಐದು ನಿಮಿಷಕ್ಕೆ ಮುಗಿಯುತ್ತದೆ. ‘ರಾಮನಗರದ ಸುತ್ತಲಿನ ರೇಷ್ಮೆ ಬೆಳೆಗಾರರು ಗೂಡನ್ನು ಸರ್ಕಾರಿ ಮಾರುಕಟ್ಟೆಗೆ ತರದೆ ಹೊರಗೆ ಮಾರುವುದು ಯಾವಾಗ, ಏಕೆ’ ಎಂದು ಬರೆದು, ಯಾವ ದಾಖಲೆ ಎಲ್ಲಿ ಸಿಗುತ್ತದೆ, ಎಷ್ಟು ಮನೆ ಕೇಳುತ್ತೀರಿ ಎಂದು ಸೇರಿಸಿ. ಅಂಥ ಪ್ರಸ್ತಾವನೆ ಇದ್ದರೆ 51ರ ಬಗ್ಗೆ ಕೇಳಲು ಅವರಿಗೆ ಸಮಯ ಉಳಿಯುವುದಿಲ್ಲ.